ಎರಡು ಡಾಲರಿನ ಅಪರಾಧ

ಜಿಮ್ ಥಾರ್ಪನ ಹೆಸರನ್ನು ಕ್ರೀಡಾಚರಿತ್ರೆಯಲ್ಲಿ ಆಸಕ್ತಿಯುಳ್ಳವರೆಲ್ಲ ಬಲ್ಲರು. 1912ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದು ಮರುವರ್ಷವೇ ಅವೆರಡನ್ನೂ ಕಳೆದುಕೊಂಡವನು ಅವನು. ಹಿಂದೆ ಎರಡು ಬೇಸಿಗೆಗಳಲ್ಲಿ ಹಣ ತೆಗೆದುಕೊಂಡು ಬೇಸ್‌ಬಾಲ್ ಆಡಿದ್ದನೆಂಬುದು ಅವನ ಮೇಲೆ ಬಂದ ಆರೋಪ. ಈ ವೃತ್ತಾಂತವನ್ನು ಹೇಳುವವರು ಬಹುಮಟ್ಟಿಗೆ ಪದಕಗಳ ಸುತ್ತಲೇ ಸುತ್ತುವುದನ್ನು ಕಾಣುತ್ತೇವೆ. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಅದೇ ಕಾಲದ ಇನ್ನೊಂದು ಲೆಕ್ಕ. ಥಾರ್ಪನು ವಿದ್ಯಾರ್ಥಿಯಾಗಿದ್ದ ಶಾಲೆಗೆ ಅವನ ಆಟದಿಂದ ಹಣ ಬರುತ್ತಿತ್ತು, ಧಾರಾಳವಾಗಿಯೇ ಬರುತ್ತಿತ್ತು. ಅದು ಯಾರ ವಶದಲ್ಲಿತ್ತು, ಹೇಗೆ ವೆಚ್ಚವಾಯಿತು, ಅವನಿಗೆ ಅದರಲ್ಲಿ ಏನು ದಕ್ಕಿತು ಎಂಬುದನ್ನು ಅವನ ಅಪರಾಧದ ಪಕ್ಕದಲ್ಲಿಟ್ಟು ನೋಡಿದರೆ ಆ ಬಾಳು ಬೇರೆಯಾಗಿಯೇ ಕಾಣುತ್ತದೆ. ಕಾಲೇಜಿನ ಆಟಗಾರನಿಗೆ ಅವನ ಆಟ ತಂದ ಹಣದಲ್ಲಿ ಪಾಲು ಸಲ್ಲಬೇಕೆ ಎಂಬ ವ್ಯಾಜ್ಯ ಅಮೆರಿಕದ ನ್ಯಾಯಾಲಯಗಳಲ್ಲಿ ದೀರ್ಘಕಾಲ ನಡೆದು, 2025ರಲ್ಲಿ ಒಂದು ಘಟ್ಟವನ್ನು ಮುಟ್ಟಿತು. ಆ ವ್ಯಾಜ್ಯದ ಬೇರು ಥಾರ್ಪನ ಶಾಲೆಯ ಆಟದ ಬಯಲಿನವರೆಗೆ ಇಳಿದಿದೆಯೆಂದು ನನ್ನ ಎಣಿಕೆ.

ಥಾರ್ಪನು ಹುಟ್ಟಿದ್ದು 1887ರ ಮೇ ತಿಂಗಳಲ್ಲಿ, ಮುಂದೆ ಒಕ್ಲಹೋಮ ಸಂಸ್ಥಾನವಾದ, ಆಗ ಇಂಡಿಯನ್ನರ ಸೀಮೆಯೆನಿಸಿದ್ದ ಪ್ರದೇಶದಲ್ಲಿ. ಇಂಡಿಯನ್ನರೆಂದರೆ ಇಲ್ಲಿ ನಾವಲ್ಲ. ಕೊಲಂಬಸನು ದಾರಿ ತಪ್ಪಿದ ಕಾರಣದಿಂದ ನಮ್ಮ ಹೆಸರನ್ನು ಹೊರಬೇಕಾಗಿ ಬಂದ ಅಮೆರಿಕದ ಮೂಲನಿವಾಸಿಗಳು. ತಂದೆ ಹೈರಂ ಥಾರ್ಪ್ ಸಾಕ್-ಫಾಕ್ಸ್ ಜನಾಂಗದವನು, ತಾಯಿ ಷಾರ್ಲಟ್ ಪೊಟವಾಟಮಿ ಜನಾಂಗದವಳು. ಇಬ್ಬರಲ್ಲಿಯೂ ಐರೋಪ್ಯ ರಕ್ತದ ಬೆರಕೆಯಿತ್ತು. ಮಗುವಿಗೆ ಅವರ ಭಾಷೆಯಲ್ಲಿಟ್ಟ ಹೆಸರು ವಾ-ಥೊ-ಹುಕ್. ಮಿಂಚು ಬೆಳಗಿದ ದಾರಿ ಎಂದು ಅದರ ಅರ್ಥವಂತೆ. ಅವನೊಡನೆ ಅವಳಿಯಾಗಿ ಹುಟ್ಟಿದ ಚಾರ್ಲಿ ಬಾಲ್ಯದಲ್ಲಿಯೇ ರೋಗಕ್ಕೆ ತುತ್ತಾದನು. ಆಮೇಲೆ ಈ ಹುಡುಗನು ಯಾವ ಶಾಲೆಯಲ್ಲಿಯೂ ನೆಲೆ ನಿಲ್ಲಲಿಲ್ಲ. ಓಡಿಬಂದರೆ ತಂದೆ ಇನ್ನೂ ದೂರದ ಶಾಲೆಗೆ ಕಳುಹಿಸುತ್ತಿದ್ದನು. ಕಾನ್ಸಸಿನ ಹ್ಯಾಸ್ಕೆಲ್ ಶಾಲೆಯಾಯಿತು, ತಾಯಿ ತೀರಿಕೊಂಡಳು, ಕಡೆಗೆ 1904ರಲ್ಲಿ ಮನೆಯಿಂದ ಸಾವಿರ ಮೈಲಿಗೂ ದೂರದ ಪೆನ್ಸಿಲ್ವೇನಿಯದ ಕಾರ್ಲೈಲ್ ಶಾಲೆಗೆ ಬಂದು ಸೇರಿದನು. ಅಲ್ಲಿಗೆ ಬಂದ ಕೆಲವೇ ಕಾಲದಲ್ಲಿ ತಂದೆಯೂ ಇಲ್ಲವಾದನು.

ಕಾರ್ಲೈಲ್ ಶಾಲೆಯ ವಿಷಯವಾಗಿ ನಾಲ್ಕು ಮಾತು ಹೇಳದೆ ಮುಂದುವರಿಯುವಂತಿಲ್ಲ. 1879ರಲ್ಲಿ ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿ ಹಳೆಯ ಸೈನಿಕ ವಸತಿಗಳಲ್ಲಿ ಇದನ್ನು ತೆರೆದನು. ಮಕ್ಕಳಲ್ಲಿರುವ ಇಂಡಿಯನ್ ಗುಣವನ್ನೆಲ್ಲ ತೊಳೆದು ಅವರನ್ನು ಬಿಳಿಯರಂತೆ ಬಾಳುವವರನ್ನಾಗಿ ಮಾಡುವುದು ಅದರ ಉದ್ದೇಶ. ಬಂದ ದಿನ ಕೂದಲು ಕತ್ತರಿಸುತ್ತಿದ್ದರು, ಹೆಸರು ಬದಲಾಗುತ್ತಿತ್ತು, ತಾಯ್ನುಡಿಯನ್ನಾಡಿದರೆ ಶಿಕ್ಷೆಯಾಗುತ್ತಿತ್ತು. ಅರ್ಧ ದಿನ ಪಾಠ, ಅರ್ಧ ದಿನ ಕೈಕಸಬು. ಥಾರ್ಪನಿಗೆ ಗೊತ್ತುಮಾಡಿದ ಕಸಬು ದರ್ಜಿಯದು. ಬೇಸಿಗೆಯಲ್ಲಿಯೂ ಕೆಲವೊಮ್ಮೆ ವರ್ಷವಿಡೀ ಕೂಡ ವಿದ್ಯಾರ್ಥಿಗಳನ್ನು ಸುತ್ತಲಿನ ಬಿಳಿಯರ ಮನೆಗಳಿಗೂ ಹೊಲಗಳಿಗೂ ಅಲ್ಪ ಕೂಲಿಗೆ ಕಳುಹಿಸುತ್ತಿದ್ದರು. ಆ ಕೂಲಿಯಲ್ಲಿಯೂ ಒಂದು ಭಾಗವನ್ನು ಶಾಲೆಯೇ ಹಿಡಿದಿಟ್ಟುಕೊಳ್ಳುತ್ತಿತ್ತು. ಥಾರ್ಪನೂ ಹೀಗೆ ಹೊಲಗೆಲಸ ಮಾಡಿ ಬಂದವನೇ. ಶಾಲೆಯ ಸ್ಮಶಾನದಲ್ಲಿ 180ಕ್ಕೂ ಹೆಚ್ಚು ಮಕ್ಕಳ ಸಮಾಧಿಗಳಿದ್ದುವೆಂದು ಹೇಳಿದರೆ ಉಳಿದದ್ದನ್ನು ವಾಚಕರು ಊಹಿಸಿಕೊಳ್ಳಬಲ್ಲರು.

ಇಂಥ ಶಾಲೆಯನ್ನು ಅಮೆರಿಕದ ಮನೆಮಾತಾಗಿಸಿದ್ದು ಫುಟ್ಬಾಲ್. ನಾವು ಕಾಲಿನಲ್ಲಿ ಒದ್ದು ಆಡುವ ಆಟವಲ್ಲ ಇದು. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಗಳನ್ನು ಭೇದಿಸಿ ನುಗ್ಗುವ, ಎಲುಬು ಮುರಿಯುವ ಆಟ. ನಮ್ಮಲ್ಲಿ ಕಾಲೇಜಿನ ಪಂದ್ಯಕ್ಕೆ ಕಾಲೇಜಿನವರೇ ಪೂರ್ತಿ ಬರುವುದಿಲ್ಲ. ಅಲ್ಲಿ ಆ ಕಾಲಕ್ಕಾಗಲೇ ಹಾರ್ವರ್ಡ್, ಪೆನ್ಸಿಲ್ವೇನಿಯ, ಷಿಕಾಗೋ ವಿಶ್ವವಿದ್ಯಾಲಯಗಳ ಪಂದ್ಯವೆಂದರೆ ಟಿಕೆಟು ಕೊಂಡು ಬಂದು ಕೂರುವವರು ಹತ್ತಾರು ಸಾವಿರ ಜನ. ಕಾರ್ಲೈಲ್ ನಿಜವಾಗಿ ಕಾಲೇಜೂ ಅಲ್ಲ. ಆದರೂ ಅದರ ತಂಡ ಇವರೆಲ್ಲರೊಡನೆ ಸರಿಸಮವಾಗಿ ಆಡುತ್ತಿತ್ತು. ಅದರ ಊರಿನಲ್ಲಿ ದೊಡ್ಡ ಕ್ರೀಡಾಂಗಣವಿರಲಿಲ್ಲವಾದ್ದರಿಂದ ಮುಖ್ಯ ಪಂದ್ಯಗಳೆಲ್ಲ ಪರಸ್ಥಳದಲ್ಲಿ. ಆಟಗಾರರು ರೈಲಿನಲ್ಲಿ ಊರೂರು ಸುತ್ತಬೇಕು. ಪಂದ್ಯ ಮುಗಿದ ಮೇಲೆ ಟಿಕೆಟಿನ ವಸೂಲಿಯಲ್ಲಿ ಕಾರ್ಲೈಲಿಗೆ ಇಂತಿಷ್ಟೆಂದು ಪಾಲು. ಇಂಡಿಯನ್ನರು ಬಿಳಿಯರೊಡನೆ ಸೆಣಸುವುದನ್ನು ನೋಡುವ ಕುತೂಹಲವೇ ಜನವನ್ನು ಸೆಳೆಯುತ್ತಿತ್ತು. ಸೋತು ಹತ್ತಿಕ್ಕಲ್ಪಟ್ಟ ಜನಾಂಗದ ಹುಡುಗರು, ಅವರನ್ನು ಸೋಲಿಸಿದವರ ಮಕ್ಕಳ ಮೇಲೆ ಮುಗಿಬೀಳುವುದನ್ನು ಕಾಣಲು ಸೋಲಿಸಿದವರೇ ದುಡ್ಡು ತೆತ್ತು ಬರುತ್ತಿದ್ದರು. ಇದಕ್ಕಿಂತ ವಿಚಿತ್ರವಾದ ನಾಟಕಶಾಲೆ ಎಲ್ಲಾದರೂ ಇದ್ದಿತೋ ಇಲ್ಲವೋ ಕಾಣೆ.

ಈ ಹಣ ಸರ್ಕಾರದ ಶಾಲೆಯ ಲೆಕ್ಕಕ್ಕೆ ಜಮೆಯಾಗುತ್ತಿರಲಿಲ್ಲ. ಶಾಲೆಯ ಕ್ರೀಡಾಸಂಘವೆಂಬ ಬೇರೊಂದು ಸಂಸ್ಥೆಯ ನಿಧಿಗೆ ಹೋಗುತ್ತಿತ್ತು. ಸರ್ಕಾರದ ತಪಾಸಣೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅದರ ಮೇಲೆ ಕೈಯಿದ್ದವರು ಸೂಪರಿಂಟೆಂಡೆಂಟನೂ ಆಟದ ಶಿಕ್ಷಕನೂ. ಶಿಕ್ಷಕನ ಹೆಸರು ಗ್ಲೆನ್ ವಾರ್ನರ್. ಅಮೆರಿಕದ ಫುಟ್ಬಾಲಿನ ಇತಿಹಾಸದಲ್ಲಿ ಪಾಪ್ ವಾರ್ನರ್ ಎಂದೇ ಪ್ರಸಿದ್ಧನಾದವನು, ಹೊಸ ಹೊಸ ವ್ಯೂಹಗಳನ್ನು ಕಂಡುಹಿಡಿಯುವುದರಲ್ಲಿ ಅಸಾಧಾರಣ ಬುದ್ಧಿಶಾಲಿ. ನಿಧಿಯಿಂದ ಒಳ್ಳೆಯ ಕೆಲಸಗಳು ಆಗಲಿಲ್ಲವೆಂದು ಯಾರೂ ಹೇಳಲಾರರು. ಶಾಲೆಯಲ್ಲಿ ಕಟ್ಟಡಗಳೆದ್ದುವು, ಇಂಡಿಯನ್ನರ ಕಲೆಯನ್ನು ಕಲಿಸುವುದಕ್ಕಾಗಿ ಒಂದು ಕಲಾಶಾಲೆಯೂ ಆ ಹಣದಿಂದಲೇ ಎದ್ದಿತು. ಅದೇ ನಿಧಿಯಿಂದ ವಾರ್ನರನ ವಾಸದ ಮನೆಯೂ ಎದ್ದಿತು. ಅವನ ಸಂಬಳವೂ ಅಲ್ಲಿಂದಲೇ ನಡೆಯುತ್ತಿತ್ತು. ಆಟಗಾರರಿಗೆ ಸಿಗುತ್ತಿದ್ದುದು ಉಳಿದ ಹುಡುಗರಿಗಿಂತ ಕೊಂಚ ಮೇಲಾದ ಊಟ, ಬೇರೆ ವಸತಿ, ಹಂಗಾಮು ಮುಗಿದ ಮೇಲೆ ಒಂದು ಜೊತೆ ಒಳ್ಳೆಯ ಬಟ್ಟೆ, ಒಂದು ಓವರ್‌ಕೋಟು. ಹಿಂದೆ ಕೈಗೆ ಒಂದಿಷ್ಟು ನಗದನ್ನು ಕೊಡುತ್ತಿದ್ದುದೂ ಉಂಟು; ಇದು ವೃತ್ತಿ ಆಟಗಾರರ ತಂಡವೆಂದು 1907ರ ಸುಮಾರಿಗೆ ಪತ್ರಿಕೆಗಳಲ್ಲಿ ಟೀಕೆ ಬಂದಮೇಲೆ ಅದು ನಿಂತಿತೆಂದು ಮುಂದೆ ವಿಚಾರಣೆಯಲ್ಲಿ ಹೊರಬಿದ್ದಿತು. ಟೀಕೆ ಬಂದಾಗ ನಿಂತದ್ದು ಹುಡುಗರ ಕೈಗೆ ಬರುತ್ತಿದ್ದ ಕಾಸು ಮಾತ್ರ ಎಂಬುದನ್ನು ಗಮನಿಸಬೇಕು. ನಿಧಿಯ ವರಮಾನಕ್ಕೆ ಯಾವ ಊನವೂ ಬರಲಿಲ್ಲ.

ಥಾರ್ಪನು ಈ ತಂಡಕ್ಕೆ ಬಂದ ಬಗೆಯನ್ನು ದಂತಕಥೆಯಂತೆ ಹೇಳುತ್ತಾರೆ. 1907ರಲ್ಲಿ ಒಂದು ಸಂಜೆ, ಕೆಲಸದ ಬಟ್ಟೆಯಲ್ಲಿಯೇ ಬಯಲಿನ ಮಗ್ಗುಲಲ್ಲಿ ಹೋಗುತ್ತಿದ್ದವನು, ಎತ್ತರದ ನೆಗೆತದಲ್ಲಿ ಯಾರಿಗೂ ದಾಟಲಾಗದಿದ್ದ ಅಡ್ಡಕೋಲನ್ನು ಒಂದೇ ನೆಗೆತಕ್ಕೆ ದಾಟಿ ತನ್ನ ಪಾಡಿಗೆ ಹೊರಟುಹೋದನಂತೆ. ಮರುದಿನ ವಾರ್ನರನು ಹೇಳಿಕಳುಹಿಸಿದನು. ಫುಟ್ಬಾಲಿಗೆ ಅವನನ್ನು ಬಿಡಲು ಮೊದಮೊದಲು ವಾರ್ನರನಿಗೆ ಮನಸ್ಸಿರಲಿಲ್ಲ, ಓಟಗಾರನ ಕಾಲು ಮುರಿದೀತೆಂಬ ಅಂಜಿಕೆಯಿಂದ. ತಂಡದವರ ನಡುವೆ ಚೆಂಡು ಹಿಡಿದು ಒಮ್ಮೆ ಓಡಿಬಾ ಎಂದಾಗ ಅವನನ್ನು ಮುಟ್ಟಬಲ್ಲವರೇ ಇರಲಿಲ್ಲವೆಂದ ಮೇಲೆ ಆ ಅಂಜಿಕೆಗೆ ಅರ್ಥ ಉಳಿಯಲಿಲ್ಲ.

ಇನ್ನು ಆ ಎರಡು ಬೇಸಿಗೆಗಳು. 1909ರಲ್ಲಿ ಕಾರ್ಲೈಲಿನ ಕೆಲವು ಹುಡುಗರು ಉತ್ತರ ಕೆರೊಲಿನಕ್ಕೆ ಬೇಸ್‌ಬಾಲ್ ಆಡಲು ಹೊರಟರು; ಹೊಲಗೆಲಸಕ್ಕಿಂತ ವಾಸಿಯೆಂದು ಥಾರ್ಪನೂ ಅವರ ಜೊತೆಗೂಡಿದನು. ರಾಕಿ ಮೌಂಟ್ ಎಂಬ ಸಣ್ಣ ಊರಿನ ತಂಡ. ಸಂಬಳ ದಿನಕ್ಕೆ 2 ಡಾಲರಿನಷ್ಟು ಅಲ್ಪವೆಂದು ಕೆಲವರು, ವಾರಕ್ಕೆ 35 ಡಾಲರಿನವರೆಗೂ ಇತ್ತೆಂದು ಕೆಲವರು ಹೇಳುತ್ತಾರೆ. 1910ರಲ್ಲಿಯೂ ಅಲ್ಲಿಯೇ, ಆ ಬಳಿಕ ಫಯೆಟ್‌ವಿಲ್ ತಂಡದಲ್ಲಿ ಆಡಿದನು. ಬೇಸಿಗೆಯಲ್ಲಿ ಹೀಗೆ ಆಡಿ ನಾಲ್ಕು ಕಾಸು ಸಂಪಾದಿಸುವ ಕಾಲೇಜು ಹುಡುಗರು ಆಗ ಬೇಕಾದಷ್ಟು ಮಂದಿ ಇದ್ದರು. ತಿಳಿದವರು ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಥಾರ್ಪನು ಸ್ವಂತ ಹೆಸರಿನಲ್ಲಿ ಆಡಿದನು. ಆ ಊರಿನ ಪತ್ರಿಕೆಗಳಲ್ಲಿ ಅವನ ಹೆಸರು ದಿನದಿನವೂ ಅಚ್ಚಾಗುತ್ತಿತ್ತು. ಇದರಲ್ಲಿ ಗುಟ್ಟೆಂಬುದು ಯಾವುದೂ ಇರಲಿಲ್ಲ.

1911ರಲ್ಲಿ ವಾರ್ನರನು ಅವನನ್ನು ಮತ್ತೆ ಶಾಲೆಗೆ ಕರೆಸಿಕೊಂಡನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಶಾಲೆಯ ಹುಡುಗನೆನ್ನುವುದು ಹೆಸರಿಗೆ ಮಾತ್ರ. ಬೇಕಾದದ್ದು ಅವನ ಕಾಲುಗಳೆಂಬುದನ್ನು ಎರಡು ಕಡೆಯವರೂ ಬಲ್ಲರು. ಆ ನವೆಂಬರಿನಲ್ಲಿ ಹಾರ್ವರ್ಡಿನ ಮೇಲೆ ಕಾರ್ಲೈಲ್ 18-15ರಿಂದ ಗೆದ್ದಿತು. ನೋವಿದ್ದ ಕಾಲಿಗೆ ಪಟ್ಟಿ ಬಿಗಿದುಕೊಂಡು ಆಡಿದ ಥಾರ್ಪನು ನಾಲ್ಕು ಬಾರಿ ಚೆಂಡನ್ನು ಕಂಬಗಳ ನಡುವೆ ಒದ್ದು ಪಾರುಮಾಡಿದನು. ಮರುವರ್ಷ ವೆಸ್ಟ್‌ಪಾಯಿಂಟಿನ ಸೈನಿಕ ವಿದ್ಯಾಲಯವನ್ನು ಅವರು 27-6ರಿಂದ ಸೋಲಿಸಿದರು. ಸೈನಿಕರ ತಂಡದಲ್ಲಿದ್ದು ಥಾರ್ಪನನ್ನು ತಡೆಯಲು ಹೆಣಗಿದವರಲ್ಲಿ ಒಬ್ಬನು ಮುಂದೆ ಅಮೆರಿಕದ ಅಧ್ಯಕ್ಷನಾದ ಐಸೆನ್‌ಹೋವರ್. ಸೇನೆಯ ವಸತಿಗಳಲ್ಲಿ ಸೇನಾಧಿಕಾರಿ ತೆರೆದ ಶಾಲೆಯ ಇಂಡಿಯನ್ ಹುಡುಗರು ಸೇನೆಯನ್ನು ಸೋಲಿಸಿದ ಆ ದಿನವನ್ನು ಅವರ ಜನ ಹಾಡಿಹೊಗಳಿದ್ದರೆ ಆಶ್ಚರ್ಯವಿಲ್ಲ.

ಈ ಎರಡು ಪಂದ್ಯಗಳ ನಡುವೆ ಬಂದದ್ದು ಸ್ಟಾಕ್‌ಹೋಮ್. 1912ರ ಜುಲೈ ತಿಂಗಳಲ್ಲಿ ಅಲ್ಲಿ ಪೆಂಟಾಥ್ಲಾನ್ ಎಂಬ ಐದು ಸ್ಪರ್ಧೆಗಳ ಕಟ್ಟಿನಲ್ಲಿ ಥಾರ್ಪನು ನಾಲ್ಕರಲ್ಲಿ ಮೊದಲನೆಯವನಾದನು. ಈಟಿಯ ಎಸೆತದಲ್ಲಿ ಮಾತ್ರ ಮೂರನೆಯವನು. ಬಳಿಕ ಡೆಕಾಥ್ಲಾನಿನ ಹತ್ತು ಸ್ಪರ್ಧೆಗಳಲ್ಲಿ ಅಂದಿನ ಎಣಿಕೆಯಂತೆ 8,412 ಅಂಕಗಳನ್ನು ಗಳಿಸಿ, ಎರಡನೆಯವನಾದ ಸ್ವೀಡನಿನ ವೀಸ್‌ಲಾಂಡರನನ್ನು ಬಹುದೂರ ಹಿಂದೆ ಬಿಟ್ಟನು. ನಡುವೆ ಅವನ ಬೂಟುಗಳು ಕಾಣೆಯಾಗಿ, ಒಂದಕ್ಕೊಂದು ಹೊಂದದ ಎರಡು ಹಳೆಯ ಬೂಟುಗಳನ್ನು ಮೆಟ್ಟಿ ಆಡಿದನೆಂಬುದಕ್ಕೆ ಚಿತ್ರದ ಸಾಕ್ಷ್ಯವಿದೆ. ಸ್ವೀಡನಿನ ದೊರೆ ಐದನೆಯ ಗುಸ್ತಾವ್ ಪದಕಗಳ ಜೊತೆಗೆ ತನ್ನ ಕಂಚಿನ ವಿಗ್ರಹವನ್ನೂ ಕೊಟ್ಟು ಅವನನ್ನು ಜಗತ್ತಿನ ಅಗ್ರಗಣ್ಯ ಕ್ರೀಡಾಪಟುವೆಂದು ಹೊಗಳಿದನು. ರಷ್ಯದ ಚಕ್ರವರ್ತಿಯ ಕಡೆಯಿಂದ ರತ್ನಖಚಿತವಾದ ನೌಕೆಯ ಆಕಾರದ ಪಾತ್ರೆ ಬಂದಿತು. ನ್ಯೂಯಾರ್ಕಿನ ಬೀದಿಗಳಲ್ಲಿ ಮೆರವಣಿಗೆಯಾಯಿತು. ಮೆರವಣಿಗೆ ಮುಗಿದದ್ದೇ ಕಾರ್ಲೈಲಿಗೆ ಹಿಂದಿರುಗಿ ಮತ್ತೆ ಫುಟ್ಬಾಲ್. ಒಲಿಂಪಿಕ್ ವೀರನನ್ನು ಕಣ್ಣಾರೆ ಕಾಣಲು ಜನ ಬರುತ್ತಿದ್ದರು. ಟಿಕೆಟಿನ ಪಾಲು ಕ್ರೀಡಾಸಂಘಕ್ಕೆ ಸೇರುತ್ತಿತ್ತು.

1913ರ ಜನವರಿಯಲ್ಲಿ ಮಸ್ಸಾಚುಸೆಟ್ಸಿನ ಒಂದು ಪತ್ರಿಕೆ, ಥಾರ್ಪನು ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದನೆಂಬ ಸುದ್ದಿಯನ್ನು ಪ್ರಕಟಿಸಿತು. ಅಮೆರಿಕದ ಹವ್ಯಾಸಿ ಕ್ರೀಡೆಗಳ ಒಕ್ಕೂಟದಲ್ಲಿ ಆಗ ಸರ್ವಾಧಿಕಾರಿಯಂತಿದ್ದವನು ಜೇಮ್ಸ್ ಸಲಿವನ್. ಆಟದ ಸಾಮಾನು ಮಾರುವ ಸ್ಪಾಲ್ಡಿಂಗ್ ಕಂಪೆನಿಯ ಕ್ರೀಡಾಪುಸ್ತಕಗಳ ಪ್ರಕಾಶನ ಅವನ ಜೀವನೋಪಾಯ. ವಾರ್ನರನೂ ಸೂಪರಿಂಟೆಂಡೆಂಟ್ ಫ್ರೀಡ್ಮನನೂ ತಮಗೆ ಈ ವಿಷಯ ತಿಳಿದೇ ಇರಲಿಲ್ಲವೆಂದರು. ಥಾರ್ಪನ ಹೆಸರಿನಲ್ಲಿ ಒಂದು ಕ್ಷಮಾಯಾಚನೆಯ ಪತ್ರ ಹೊರಟಿತು: ತಾನೊಬ್ಬ ಏನೂ ತಿಳಿಯದ ಇಂಡಿಯನ್ ಶಾಲಾಹುಡುಗ, ಉಳಿದವರಂತೆ ಸುಳ್ಳು ಹೆಸರಿಟ್ಟುಕೊಳ್ಳುವ ಜಾಣತನ ತನಗಿರಲಿಲ್ಲ ಎಂಬ ಧಾಟಿಯ ಪತ್ರ. ಅದರ ಹಿಂದೆ ವಾರ್ನರನ ಕೈಯಿತ್ತೆಂದು ಬಲ್ಲವರ ಅಭಿಪ್ರಾಯ. ತನ್ನ ಶಾಲೆಯಿಂದ ಹೊರಟ ಹುಡುಗರು ಎಲ್ಲಿ ಆಡುತ್ತಿದ್ದರೆಂಬುದು, ಪತ್ರಿಕೆಗಳಲ್ಲಿ ಹೆಸರು ಬರುತ್ತಿದ್ದಾಗ, ಆಟವೇ ಜೀವನವಾಗಿದ್ದ ಶಿಕ್ಷಕನಿಗೆ ತಿಳಿಯದೆ ಇದ್ದಿತೆಂದು ನಂಬುವುದು ನನಗೂ ಸಾಧ್ಯವಾಗಿಲ್ಲ. ಪದಕಗಳೂ ದೊರೆಗಳ ಕಾಣಿಕೆಗಳೂ ಹಿಂದಕ್ಕೆ ಹೋದುವು.

ನ್ಯಾಯದ ದೃಷ್ಟಿಯಿಂದ ನೋಡಿದರೆ, ಥಾರ್ಪನು ನಿಯಮವನ್ನು ಮುರಿದದ್ದು ನಿಜ. ಆ ನಿಯಮ ಎಂಥದೆಂಬುದನ್ನೂ ನೋಡಬೇಕು. ಹವ್ಯಾಸಿಯೆಂಬ ಈ ಕಲ್ಪನೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರದು. 1879ರಲ್ಲಿ ಹೆನ್ಲಿ ದೋಣಿಸ್ಪರ್ಧೆಯವರು ಬರೆದ ನಿಯಮದಂತೆ ಕೈಕೆಲಸದವನು, ಕಸಬುದಾರ, ಕೂಲಿಗಾರ ಇವರು ಹವ್ಯಾಸಿಗಳೇ ಆಗುವಂತಿರಲಿಲ್ಲ. ಹಣ ಮುಟ್ಟದಿದ್ದರೂ ಆಗುವಂತಿರಲಿಲ್ಲ. ದುಡಿಯದೆ ಉಣ್ಣುವವನು ಮಾತ್ರ ಶುದ್ಧನೆಂಬ ಮಡಿ ಅದು. ಮಡಿಯ ವಿಷಯವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲದ ಕೂಲಿಗೆ ಹೋದರೆ ಕೆಡದ ಹುಡುಗ ಆಟದ ಕೂಲಿ ಮುಟ್ಟಿದೊಡನೆ ಮೈಲಿಗೆಯಾದನು. ಅವನ ಆಟದಿಂದ ಬಂದ ಹಣವನ್ನು ಎಣಿಸುತ್ತಿದ್ದವರಿಗೆ ಯಾವ ಮೈಲಿಗೆಯೂ ತಟ್ಟಲಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿತೆಂಬ ಗಾದೆ ನೆನಪಾಗುತ್ತದೆ. ಇಲ್ಲಿ ಹುತ್ತ ಕಟ್ಟಿದ ಗೆದ್ದಲಿಗೆ ದಂಡವನ್ನೂ ವಿಧಿಸಲಾಯಿತು.

ಇನ್ನೂ ಒಂದು ಸಂಗತಿಯುಂಟು. ಒಕ್ಲಹೋಮದಲ್ಲಿ ಥಾರ್ಪನ ಹೆಸರಿಗೆ ಸರ್ಕಾರ ಹಂಚಿಕೊಟ್ಟಿದ್ದ ಭೂಮಿಯಿತ್ತು; ಅದರ ಗುತ್ತಿಗೆಯ ಹಣ ಇಂಡಿಯನ್ ಇಲಾಖೆಯ ಅಧಿಕಾರಿಗಳ ಕೈಯಲ್ಲಿರುತ್ತಿತ್ತು. ತನ್ನ ಹಣವನ್ನು ಪಡೆಯಲು ಅವನು ಅರ್ಜಿ ಹಾಕಿಕೊಳ್ಳಬೇಕು, ಶಾಲೆಯ ಸೂಪರಿಂಟೆಂಡೆಂಟನ ಶಿಫಾರಸೂ ಬೇಕು. ಮೂಲನಿವಾಸಿಗಳೆಲ್ಲರಿಗೂ ಪೌರತ್ವವನ್ನು ಕೊಟ್ಟ ಶಾಸನ ಆದದ್ದು 1924ರಲ್ಲಿ. ಸ್ವಂತ ಗುತ್ತಿಗೆಯ ಹಣವನ್ನು ನಿರ್ವಹಿಸಲಾರದ ಪಾಲಿತನೆಂದು ಒಂದು ಕಡೆ ಸರ್ಕಾರ ಅವನನ್ನು ಮಗುವಿನಂತೆ ಕಂಡಿತು. ಇನ್ನೊಂದು ಕಡೆ ಕ್ರೀಡಾಸಂಸ್ಥೆ ಅವನನ್ನು ನಿಯಮದ ಅಕ್ಷರಕ್ಷರಕ್ಕೂ ಹೊಣೆಗಾರನಾದ ಪ್ರೌಢನೆಂದು ದಂಡಿಸಿತು. ಆ ನಿಯಮಾವಳಿಯಲ್ಲಿಯೇ, ಆಕ್ಷೇಪಣೆಗಳೇನಿದ್ದರೂ ಕ್ರೀಡೆಗಳು ಮುಗಿದ 30 ದಿನಗಳೊಳಗೆ ಬರಬೇಕೆಂದಿತ್ತು. ಇದು ಬಂದದ್ದು ಆರು ತಿಂಗಳ ಮೇಲೆ. ಆ ಸಾಲನ್ನು ಆಗ ಯಾರೂ ತೆರೆದು ನೋಡಲಿಲ್ಲ.

ಥಾರ್ಪನು ಕಾರ್ಲೈಲನ್ನು ಬಿಟ್ಟ ಮರುವರ್ಷ ಅಲ್ಲಿ ನಡೆದದ್ದು ಈ ಕಥೆಯ ಮುಖ್ಯ ಭಾಗವೆಂದು ನನಗೆ ತೋರುತ್ತದೆ. ಅವನ ಚರಿತ್ರೆಗಳಲ್ಲಿ ಅದಕ್ಕೆ ಸಿಗುವ ಸ್ಥಳ ಕಡಮೆ. ತಂಡದಲ್ಲಿ ಅವನ ಆಪ್ತಮಿತ್ರನಾಗಿದ್ದ ಗಸ್ ವೆಲ್ಷ್ ಎಂಬ ಆಟಗಾರನು ಮುಂದಾಗಿ, ಶಾಲೆಯ ಸ್ಥಿತಿಗತಿಗಳನ್ನು ವಿಚಾರಿಸಬೇಕೆಂದು 200ಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಹಿ ಮಾಡಿಸಿದ ಮನವಿಯನ್ನು ಸರ್ಕಾರಕ್ಕೆ ಮುಟ್ಟಿಸಿದನು. 1914ರಲ್ಲಿ ಶಾಸನಸಭೆಯ ಎರಡು ಸದನಗಳ ಜಂಟಿ ಸಮಿತಿಯೊಂದು ಕಾರ್ಲೈಲಿಗೇ ಬಂದು ಸಾಕ್ಷ್ಯಗಳನ್ನು ತೆಗೆದುಕೊಂಡಿತು. ಕ್ರೀಡಾನಿಧಿಯ ಲೆಕ್ಕಗಳು ಮೊದಲ ಬಾರಿಗೆ ಬೆಳಕಿಗೆ ಬಂದುವು. ವಾರ್ನರನ ಬೈಗುಳ, ಒರಟುತನ, ಹಣದ ವ್ಯವಹಾರ ಎಲ್ಲದರ ಮೇಲೂ ಆಟಗಾರರೇ ಸಾಕ್ಷಿ ನುಡಿದರು. ಅವರಲ್ಲಿ ವೆಲ್ಷನೂ ಒಬ್ಬನು. ಹುಡುಗರು ಪಾಲು ಕೇಳಿದರೆಂದು ಹೇಳಲಾಗದು. ತಾವು ತಂದ ಹಣ ಎಲ್ಲಿ ಹೋಯಿತೆಂದು ಕೇಳಿದರು, ಅಷ್ಟೆ. ಆಟದ ಹಣದಿಂದ ಶಾಲೆಯ ಬಡ ಮಕ್ಕಳಿಗೆಲ್ಲ ಉಪಕಾರವಾಗುವುದಾದರೆ ಆಟಗಾರನೊಬ್ಬನಿಗೇ ಏಕೆ ಕೊಡಬೇಕು ಎಂದು ವಾದಿಸುವವರಿದ್ದಾರೆ. ವಾದ ತೂಕವುಳ್ಳದ್ದು, ಕಲಾಶಾಲೆಯ ಕಟ್ಟಡವನ್ನು ನೆನೆದಾಗ ನಾನೂ ಅದರ ಕಡೆಗೆ ಒಲಿಯುತ್ತೇನೆ. ಆದರೆ ಆ ದಾನವನ್ನು ಮಾಡುವವರು ಯಾರು? ಎಲುಬನ್ನು ಪಣಕ್ಕಿಟ್ಟು ಸಂಪಾದಿಸಿದವನನ್ನು ಒಂದು ಮಾತು ಕೇಳದೆ, ಲೆಕ್ಕವನ್ನೂ ತೋರಿಸದೆ, ಅವನ ಗಳಿಕೆಯನ್ನು ದಾನ ಮಾಡುವ ಹಕ್ಕು ಸೂಪರಿಂಟೆಂಡೆಂಟನಿಗೆ ಎಲ್ಲಿಂದ ಬಂದಿತು? ವೆಲ್ಷನ ಮನವಿಯೊಳಗಿನ ಪ್ರಶ್ನೆ ಇದು.

ವಿಚಾರಣೆಯ ಫಲವಾಗಿ ಫ್ರೀಡ್ಮನನು ಹುದ್ದೆಯನ್ನು ಕಳೆದುಕೊಂಡನು. ವಾರ್ನರನು 1915ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಶಿಕ್ಷಕನಾಗಿ ಹೋಗಿ ಇನ್ನಷ್ಟು ಕೀರ್ತಿವಂತನಾದನು. ಹುಡುಗರ ಫುಟ್ಬಾಲಿಗೆ ಅಮೆರಿಕದಲ್ಲಿ ಅವನ ಹೆಸರನ್ನೇ ಇಟ್ಟಿದ್ದಾರೆ. ಕಾರ್ಲೈಲ್ ಶಾಲೆ 1918ರಲ್ಲಿ ಮುಚ್ಚಿತು. ಕಟ್ಟಡಗಳು ಯುದ್ಧದ ಗಾಯಾಳುಗಳ ಆಸ್ಪತ್ರೆಯಾಗಿ ಮತ್ತೆ ಸೇನೆಯ ವಶಕ್ಕೆ ಹೋದುವು.

ಹವ್ಯಾಸಿಯೆಂಬ ಹೆಸರು ಹೋದ ಮೇಲೆ ಥಾರ್ಪನು ವೃತ್ತಿ ಆಟಗಾರನಾದನು. 1913ರಲ್ಲಿಯೇ ನ್ಯೂಯಾರ್ಕ್ ಜಯಂಟ್ಸ್ ಬೇಸ್‌ಬಾಲ್ ತಂಡ ಅವನನ್ನು ಸೇರಿಸಿಕೊಂಡಿತು. ಆಡಿಸಿದ್ದಕ್ಕಿಂತ ಜನರಿಗೆ ತೋರಿಸಿದ್ದೇ ಹೆಚ್ಚು. ಫುಟ್ಬಾಲಿನಲ್ಲಿ ಅವನ ನಿಜವಾದ ಬೆಲೆ ತಿಳಿದದ್ದು 1915ರಲ್ಲಿ, ಒಹಾಯೋದ ಕ್ಯಾಂಟನ್ ಊರಿನ ತಂಡ ಒಂದು ಪಂದ್ಯಕ್ಕೆ 250 ಡಾಲರು ಕೊಟ್ಟಾಗ. ದಿನಕ್ಕೆ 2 ಡಾಲರಿನ ಲೆಕ್ಕದಲ್ಲಿ ಅದು 125 ದಿನಗಳ ಕೂಲಿ. ಶಾಲೆಯಲ್ಲಿದ್ದಾಗ ಅವನು ಓವರ್‌ಕೋಟಿಗೆ ಆಡಿದ ಒಂದೊಂದು ಮಧ್ಯಾಹ್ನದ ಬೆಲೆಯನ್ನು ಮಾರುಕಟ್ಟೆ ಕಡೆಗೂ ಹೇಳಿಬಿಟ್ಟಿತು. ಅವನು ಬಂದ ಮೇಲೆ ಕ್ಯಾಂಟನಿನ ಪಂದ್ಯಗಳಿಗೆ ಜನ ನುಗ್ಗಿದರು. 1920ರಲ್ಲಿ ವೃತ್ತಿ ಫುಟ್ಬಾಲಿನ ಸಂಘವೊಂದು ಹುಟ್ಟಿದಾಗ ಅದಕ್ಕೆ ಅವನನ್ನೇ ಮೊದಲ ಅಧ್ಯಕ್ಷನನ್ನಾಗಿ ಮಾಡಿದರು; ಮುಂದೆ ಜಗತ್ತಿನ ಅತಿ ಶ್ರೀಮಂತ ಕ್ರೀಡಾಸಂಸ್ಥೆಗಳಲ್ಲಿ ಒಂದಾದ ಎನ್.ಎಫ್.ಎಲ್. ಅದೇ. ಅಧ್ಯಕ್ಷಪದವಿ ಹೆಸರಿಗೆ ಮಾತ್ರ, ಮತ್ತೆ ಅವನ ಹೆಸರೇ ಬೇಕಾಗಿದ್ದದ್ದು. 1922 ಮತ್ತು 1923ರಲ್ಲಿ ನಾಯಿಗಳ ವ್ಯಾಪಾರಿಯೊಬ್ಬನು ತನ್ನ ನಾಯಿಗಳ ಜಾಹೀರಾತಿಗೆಂದು ಬರಿಯ ಇಂಡಿಯನ್ನರ ತಂಡವೊಂದನ್ನು ಕಟ್ಟಿ, ಥಾರ್ಪನನ್ನು ಅದರ ಮುಂದಾಳನ್ನಾಗಿ ಮಾಡಿದನು. ಪಂದ್ಯದ ವಿರಾಮದಲ್ಲಿ ಆಟಗಾರರೇ ನಾಯಿಗಳೊಡನೆ ಚಮತ್ಕಾರಗಳನ್ನು ತೋರಿಸಬೇಕಾಗಿತ್ತು.

ಅಲ್ಲಿಂದಾಚೆಗಿನದನ್ನು ವಿಸ್ತರಿಸಿ ಬರೆಯಲು ಮನಸ್ಸು ಬರುವುದಿಲ್ಲ. ಮೊದಲ ಮಗ ಎಳೆವಯಸ್ಸಿನಲ್ಲಿಯೇ ತೀರಿಕೊಂಡನು. ಮೂರು ಮದುವೆಗಳು, ಕುಡಿತ, ಬೊಗಸೆಯಲ್ಲಿ ನಿಲ್ಲದೆ ಸೋರಿಹೋದ ಹಣ. ಎಲ್ಲ ದೋಷವನ್ನೂ ಪರರ ಮೇಲೆ ಹೊರಿಸುವುದು ಸರಿಯಲ್ಲ. ಗಳಿಸಿದ ಕಾಲದಲ್ಲಿ ಅವನು ಕೈಬಿಗಿ ಹಿಡಿದವನಲ್ಲ. ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಅವನು ಗುಂಡಿ ತೋಡಿದನು, ಹಾಲಿವುಡ್ಡಿನ ಚಿತ್ರಗಳಲ್ಲಿ ಗುಂಪಿನ ಇಂಡಿಯನ್ನನಾಗಿ ನಿಂತನು. ತನ್ನ ಜೀವನಕಥೆಯ ಚಿತ್ರದ ಹಕ್ಕನ್ನು 1,500 ಡಾಲರಿಗೆ ಮಾರಿಕೊಂಡನು. 1932ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ ಕ್ರೀಡೆಗಳಾದಾಗ ಟಿಕೆಟಿಗೆ ಅವನಲ್ಲಿ ದುಡ್ಡಿರಲಿಲ್ಲ. ಸುದ್ದಿ ತಿಳಿದು, ತಾನೂ ಮೂಲನಿವಾಸಿಗಳ ವಂಶದವನಾದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸನು ಅವನನ್ನು ತನ್ನ ಬಳಿ ಕೂರಿಸಿಕೊಂಡನು. ಕ್ರೀಡಾಂಗಣ ಎದ್ದು ಚಪ್ಪಾಳೆ ತಟ್ಟಿತು. 1950ರಲ್ಲಿ ಪತ್ರಕರ್ತರು ಅವನನ್ನು ಅರ್ಧಶತಮಾನದ ಅತಿಶ್ರೇಷ್ಠ ಕ್ರೀಡಾಪಟುವೆಂದು ಆರಿಸಿದರು. 1951ರಲ್ಲಿ ತುಟಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ಅವನನ್ನು ಧರ್ಮಾರ್ಥ ರೋಗಿಯಾಗಿ ಸೇರಿಸಿಕೊಳ್ಳಬೇಕಾಯಿತು. ಅದೇ ವರ್ಷ ಅವನ ಜೀವನದ ಚಲನಚಿತ್ರ ಬಿಡುಗಡೆಯಾಯಿತು. ವಾರ್ನರನ ಪಾತ್ರ ಅದರಲ್ಲಿ ಹಿತೈಷಿಯಾದ ಹಿರಿಯನದು. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯದ ಲೊಮಿಟದಲ್ಲಿ, ಗಾಡಿಮನೆಯೊಂದರಲ್ಲಿ ಹೃದಯಾಘಾತದಿಂದ ಥಾರ್ಪನು ತೀರಿಕೊಂಡನು.

ಸತ್ತ ಮೇಲೆಯೂ ಅವನು ಜನವನ್ನು ಸೆಳೆಯಬಲ್ಲನೆಂಬ ಲೆಕ್ಕಾಚಾರ ನಿಲ್ಲಲಿಲ್ಲ. ಒಕ್ಲಹೋಮದಲ್ಲಿ ಕುಲದ ವಿಧಿಯಂತೆ ಅಂತ್ಯಕ್ರಿಯೆ ನಡೆಯುತ್ತಿದ್ದಾಗಲೇ ಮೂರನೆಯ ಹೆಂಡತಿ ದೇಹವನ್ನು ಅಲ್ಲಿಂದ ತೆಗೆಸಿಕೊಂಡು ಹೋದಳು. ಕಲ್ಲಿದ್ದಲಿನ ಗಣಿಗಳು ಬರಡಾಗಿ ಕಂಗೆಟ್ಟಿದ್ದ ಪೆನ್ಸಿಲ್ವೇನಿಯದ ಎರಡು ಊರುಗಳು 1954ರಲ್ಲಿ ಒಂದುಗೂಡಿ, ಜಿಮ್ ಥಾರ್ಪ್ ಎಂದು ಹೆಸರನ್ನೇ ಬದಲಿಸಿಕೊಂಡು, ಪ್ರವಾಸಿಗಳು ಬಂದಾರೆಂಬ ಆಸೆಯಿಂದ ಆ ದೇಹವನ್ನು ತಂದು ಸಮಾಧಿ ಕಟ್ಟಿದುವು. ಬದುಕಿದ್ದಾಗ ಅವನು ಆ ಊರುಗಳಿಗೆ ಕಾಲಿಟ್ಟವನಲ್ಲ. ತಂದೆಯನ್ನು ತಾಯ್ನೆಲಕ್ಕೆ ಕೊಂಡೊಯ್ಯಲು ಮಕ್ಕಳು ಹೂಡಿದ ದಾವೆಯಲ್ಲಿ ಕೆಳಗಿನ ನ್ಯಾಯಾಲಯ 2013ರಲ್ಲಿ ಅವರ ಪರವಾಗಿಯೂ, ಮೇಲಿನ ನ್ಯಾಯಾಲಯ 2014ರಲ್ಲಿ ಊರಿನ ಪರವಾಗಿಯೂ ತೀರ್ಪಿತ್ತುವು. ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ.

ಪದಕಗಳ ಕಥೆ ಇನ್ನೂ ನಿಧಾನ. ಸ್ಟಾಕ್‌ಹೋಮಿನಲ್ಲಿ ಅದೇ ಎರಡು ಸ್ಪರ್ಧೆಗಳಲ್ಲಿ ಥಾರ್ಪನ ಹಿಂದೆ ಬಹುದೂರ ಉಳಿದಿದ್ದ ಏವರಿ ಬ್ರಂಡೇಜನು 1952ರಿಂದ 1972ರವರೆಗೆ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದನು. ಅವನ ಕಾಲದಲ್ಲಿ ಬಾಗಿಲು ತೆರೆಯಲಿಲ್ಲ. ಆ 30 ದಿನಗಳ ನಿಯಮದ ಮುದ್ರಿತ ಪುಸ್ತಕವನ್ನು ರಾಬರ್ಟ್ ವೀಲರ್ ಮತ್ತು ಫ್ಲಾರೆನ್ಸ್ ರಿಡ್ಲನ್ ದಂಪತಿಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಭಂಡಾರದಲ್ಲಿ ಹುಡುಕಿ ತೆಗೆದ ಮೇಲೆ, 1982ರಲ್ಲಿ ಸಮಿತಿ ಮಣಿದು, 1983ರ ಜನವರಿಯಲ್ಲಿ ಮಕ್ಕಳ ಕೈಗೆ ಪದಕಗಳ ಪ್ರತಿಕೃತಿಗಳನ್ನು ಕೊಟ್ಟಿತು. ಆಗಲೂ ಅವನು ಸಹವಿಜೇತನು ಮಾತ್ರ. ಚಿನ್ನ ತನ್ನದೆಂದು ವೀಸ್‌ಲಾಂಡರನು ಎಂದೂ ಒಪ್ಪಿಕೊಂಡಿರಲಿಲ್ಲವೆಂದು ಅವನ ಮನೆಯವರು ತಿಳಿಸಿದರು. 2022ರ ಜುಲೈನಲ್ಲಿ ಥಾರ್ಪನೊಬ್ಬನೇ ವಿಜೇತನೆಂದು ಸಾರಲಾಯಿತು.

ಈ ನಡುವೆ ಕಾಲೇಜಿನ ಆಟ ಬೆಳೆದ ಬಗೆಯನ್ನು ಕಾರ್ಲೈಲಿನ ಸೂಪರಿಂಟೆಂಡೆಂಟನು ಕಂಡಿದ್ದರೆ ಬೆರಗಾಗುತ್ತಿದ್ದನು. 1906ರಲ್ಲಿ ಹುಟ್ಟಿದ ಕಾಲೇಜುಗಳ ಒಕ್ಕೂಟ, ಎನ್.ಸಿ.ಎ.ಎ., ಆಟಗಾರನಿಗೆ ಹಣ ಸಲ್ಲದೆಂಬ ನಿಯಮವನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾದುಕೊಂಡಿತು. 1955ರಲ್ಲಿ ಕೊಲೊರಾಡೋದಲ್ಲಿ ಆಡುವಾಗ ತಲೆಗೆ ಪೆಟ್ಟಾಗಿ ಸತ್ತ ಆಟಗಾರನೊಬ್ಬನ ಹೆಂಡತಿ ಕೆಲಸಗಾರರಿಗೆ ಸಲ್ಲುವ ಪರಿಹಾರವನ್ನು ಕೇಳಿದಾಗ, ಅವನು ಕಾಲೇಜಿನ ನೌಕರನಲ್ಲವೆಂದು ಆ ಸಂಸ್ಥಾನದ ಉಚ್ಚ ನ್ಯಾಯಾಲಯ 1957ರಲ್ಲಿ ತೀರ್ಪು ಕೊಟ್ಟಿತು. ವಿದ್ಯಾರ್ಥಿ-ಕ್ರೀಡಾಪಟು ಎಂಬ ಜೋಡುಪದವನ್ನು ಆ ಕಾಲದಲ್ಲಿಯೇ ಒಕ್ಕೂಟದ ಕಚೇರಿ ರೂಢಿಗೆ ತಂದಿತು. ಅದನ್ನು ಚಲಾವಣೆಗೆ ತಂದ ವಾಲ್ಟರ್ ಬೈಯರ್ಸ್ 1951ರಿಂದ 1987ರವರೆಗೆ ಆ ಕಚೇರಿಯನ್ನು ಆಳಿದವನು. 1995ರಲ್ಲಿ ಬರೆದ ಪುಸ್ತಕದಲ್ಲಿ ಅವನೇ ಆ ವ್ಯವಸ್ಥೆಯನ್ನು ಕಟುವಾಗಿ ಖಂಡಿಸಿದನು. ಅಷ್ಟರಲ್ಲಿ ಟೆಲಿವಿಷನ್ ಬಂದಿತ್ತು, ಶಿಕ್ಷಕರ ಸಂಬಳ ಲಕ್ಷಗಳನ್ನು ದಾಟಿತ್ತು. ವಿದ್ಯೆಯೇ ಆಟಗಾರನ ಸಂಬಳ ಎಂಬ ಉತ್ತರ ಮಾತ್ರ ಬದಲಾಗಿರಲಿಲ್ಲ. ಥಾರ್ಪನಿಗೂ ಆ ಉತ್ತರವನ್ನೇ ಕೊಟ್ಟಿದ್ದರು. ಅವನಿಗೆ ದೊರೆತ ವಿದ್ಯೆ ಅರ್ಧ ದಿನದ ದರ್ಜಿ ಕೆಲಸ.

2021ರ ಜೂನಿನಲ್ಲಿ ಆಲ್ಸ್‌ಟನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಕ್ಕೂಟದ ವಿರುದ್ಧ ಒಮ್ಮತದಿಂದ ತೀರ್ಪಿತ್ತರು; ಮರುತಿಂಗಳಿನಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಮಾರಿಕೊಳ್ಳುವ ಸ್ವಾತಂತ್ರ್ಯ ಪಡೆದರು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯ ವಿಲ್ಕೆನ್ ಅನುಮೋದಿಸಿದ ರಾಜಿಯಂತೆ ಕಾಲೇಜುಗಳೇ ಆಟದ ವರಮಾನದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದಾಯಿತು. ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರಿನ ಮಿತಿ. ಹಿಂದಿನ ಬಾಕಿಯೆಂದು 280 ಕೋಟಿ ಡಾಲರಿನಷ್ಟು ಮೊತ್ತವನ್ನು ಹಳೆಯ ಆಟಗಾರರಿಗೆ ಹಂಚಬೇಕೆಂದೂ ಗೊತ್ತಾಯಿತು. ಆ ಬಾಕಿ ಸಲ್ಲುವುದು 2016ರಿಂದ ಈಚೆಗೆ ಆಡಿದವರಿಗೆ.